ಆರಲು ಬಿಟ್ಟ ದೀಪ

ದೀಪ ಇನ್ನೇನು ಆರುವುದರಲ್ಲಿತ್ತು. ನಾನು ತಡೆಯಲಾರದೆ ಎದ್ದು ಎಣ್ಣೆಯ ಗಿಂಡಿಗೆ ಕೈ ಹಾಕಿದೆ. ಮುಸ್ಸಂಜೆಯ ದೀಪ ಕಣ್ಣೆದುರೇ ಆರಿಹೋಗಲು ನಮ್ಮಲ್ಲಿ ಯಾವ ಹೆಂಗಸು ಬಿಡುತ್ತಾಳೆ?

"ಮುಟ್ಟಬ್ಯಾಡವಾ," ಎಂದರು ನರ್ಸಬಾಯಿ. "ಶುಕ್ರವಾರ ಹೊತ್ತು ಮುಳುಗಿದ ಮ್ಯಾಲೆ ಶನಿವಾರ ಹೊತ್ತು ಮುಳುಗೂತನಕ ನಾವು ಯಾವ ಕೆಲಸಾನೂ ಮಾಡಂಗಿಲ್ಲ, ದೀಪಕ್ಕ ಎಣ್ಣಿನೂ ಹಾಕಂಗಿಲ್ಲ. ತಾನಾಗೇ ಶಾಂತ ಆಗಲಿ."

ಕೊಂಕಣದಿಂದ ರಬಕವಿಗೆ, ಸಂಸ್ಥಾನದ ದವಾಖಾನೆಗೆ ಬಂದಿದ್ದ ಅವರು ಯೆಹೂದಿ. ನೇಕಾರರ ಮಗಳಾದ ನಾನು, ನನ್ನನ್ನೂ ನಿಮ್ಮ ಧರ್ಮಕ್ಕೆ ಸೇರಿಸಿಕೊಳ್ಳಿರೆಂದು ಕೇಳಲು ಅವರ ಮನೆಗೆ ಹೋಗಿದ್ದೆ. ಹಿಂದೆ ಕೇಳಿದಾಗೆಲ್ಲ, ನಿಮ್ಮ ದೇವರ ಜೊತೆಗೇ ಸುಖವಾಗಿರು ಎಂದು ಕಳಿಸಿದ್ದರು. ಈ ಸಲ ಒಳಗೆ ಕರೆದು ಕೂಡ್ರಿಸಿದ್ದರು.

ದೀಪದ ಗಾಜಿನ ಲೋಟದಲ್ಲಿ ನೀರಿನ ಮೇಲೆ ತೇಲುತ್ತಿದ್ದ ಕೊಬ್ಬರಿ ಎಣ್ಣೆ ತೆಳ್ಳಗಾಯಿತು. ಬೆಳಕು ಗೋಡೆಯಿಂದ ಇಳಿದು, ಅವರ ಬೆರಳುಗಳ ಮೇಲೆ ಸ್ವಲ್ಪ ಹೊತ್ತು ನಿಂತು, ನೀರೊಳಗೆ ಮುಳುಗಿದಂತೆ ಹೋಯಿತು. ಓಣಿಯ ಮಗ್ಗಗಳ ಸದ್ದು ದೂರದ ಹೊಳೆಯಂತೆ ಕೇಳುತ್ತಿತ್ತು. ನನಗೆ ಭಯವಾಗಲಿಲ್ಲ. ಮಡಿಲಲ್ಲಿದ್ದ ನನ್ನ ಕೈಗಳಿಗೆ, ಹುಟ್ಟಿದಾಗಿನಿಂದ ಮೊದಲ ಸಲ, ಮಾಡಲು ಏನೂ ಇರಲಿಲ್ಲ.

ಮರುದಿನ ಶನಿವಾರ ನಾನು ನೇಯಲು ಮಗ್ಗದ ಕುಣಿಗೆ ಇಳಿಯಲಿಲ್ಲ.

"ಯಾಕವಾ, ಮಗ್ಗ ಕೆಟ್ಟೈತೇನು?" ಎಂದಳು ಅವ್ವ.

"ಇಲ್ಬೇ ಯವ್ವಾ, ಛಲೋ ಐತಿ," ಎಂದು ಅದರ ಪಕ್ಕದಲ್ಲೇ ಕುಳಿತೆ.

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿಕೊಂಡು, ನನ್ನ ಜಾಗಕ್ಕೆ ತಾನು ಇಳಿದು ಲಾಳಿ ಹಿಡಿದಳು.