ಆಂಟಿಯ ದನಿಯಲ್ಲಿ ಐದು ನಿಮಿಷ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕೆಡಿಸಿದವನು ನಾನು. ಕೊನೆಗೆ ಹೇಳೋಣವೆಂದರೆ ಅಷ್ಟರೊಳಗೆ ನೀವು ನನ್ನನ್ನು ಮೆಚ್ಚಿಕೊಂಡುಬಿಡುವ ಅಪಾಯವಿದೆ. ನಗಿಸಿ ಮೆಚ್ಚಿಸಿಕೊಳ್ಳುವುದು ನನ್ನ ಹಳೆಯ ಚಟ. ಓದಿ ಎಂದು ಕೈಗೆ ಕೊಟ್ಟ ಒಂದು ಪತ್ರವನ್ನು ನಾನು ಓದಲಿಲ್ಲ, ಬರೆದವರ ಹಾಗೆ ಆಡಿ ತೋರಿಸಿದೆ. ಮಾಡಿದ್ದು ಅಷ್ಟೇ.

ನಾನು ಯಾರನ್ನೂ ಬಿಟ್ಟವನಲ್ಲ. ಆಫೀಸಿನ ಕಾಲ್‌ನಲ್ಲಿ ಮ್ಯೂಟ್ ತೆಗೆಯದೆ ಐದು ನಿಮಿಷ ಭಾಷಣ ಮಾಡಿ, ಆಮೇಲೆ ಅದನ್ನೇ ಇನ್ನೂ ಗಂಭೀರವಾಗಿ ಮತ್ತೆ ಮಾಡುವ ಅಪ್ಪ. ಮಿಸಿಸಾಗದ ಬಸ್ಸಿನಲ್ಲಿ ಮುಂದಿನ ಸ್ಟಾಪು ಹೇಳುವ ಯಂತ್ರದ ಹೆಂಗಸು. ಕನ್ನಡದಲ್ಲಿ ಬೈಯುತ್ತಿದ್ದವಳು ಪಕ್ಕದ ಮನೆಯವರು ಕಂಡೊಡನೆ ಇಂಗ್ಲಿಷಿನಲ್ಲಿ ನಗುವ ಅಮ್ಮ. ಆರು ವರ್ಷಕ್ಕೆ ಬೆಂಗಳೂರಿನಿಂದ ಈ ದೇಶಕ್ಕೆ ಬಂದು, ಆರು ತಿಂಗಳಲ್ಲಿ ಇಲ್ಲೇ ಹುಟ್ಟಿದವನ ಹಾಗೆ ಮೂಗಿನಲ್ಲಿ ಮಾತಾಡಲು ಕಲಿತ ಒಬ್ಬ ಹುಡುಗನಿದ್ದಾನಲ್ಲ, ಅವನ ನಕಲನ್ನೂ ಮಾಡುತ್ತೇನೆ. ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ದಾಖಲೆ ಒದಗಿಸಲಾರೆ.

ಮಿಲ್ಟನ್‌ನಲ್ಲಿ ನಮ್ಮ ಮನೆಯಿಂದ ನಾಲ್ಕನೇ ಮನೆ ಆಂಟಿಯದು. ಧಾರವಾಡದ ಕಡೆಯವರು. ಅಲ್ಲಿ ಹದಿನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದರು. ಇಲ್ಲಿಗೆ ಬಂದಮೇಲೆ ಅವರ ಡಿಗ್ರಿ ಸಾಲದು, ಮತ್ತೆ ಮೊದಲಿನಿಂದ ಓದಬೇಕು ಅಂದರು ಇಲ್ಲಿನ ಅಧಿಕಾರಿಗಳು. ಮಗಳು ಚಿಕ್ಕವಳು, ಮನೆ ನಡೆಯಬೇಕು. ವಾನ್ ಎಂಬ ಊರಿನ ಒಂದು ವೇರ್‌ಹೌಸಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಹಚ್ಚುವ ಕೆಲಸಕ್ಕೆ ಸೇರಿದರು. ಸ್ವಲ್ಪ ದಿನಕ್ಕೆ ಎಂದು ಸೇರಿದ್ದು, ನಾನು ಹೇಳುತ್ತಿರುವ ಕಾಲಕ್ಕೆ ಹನ್ನೊಂದು ವರ್ಷವಾಗಿತ್ತು. ಅವರ ಮಗಳೂ ನಾನೂ ಒಂದೇ ಕ್ಲಾಸು. ನಮ್ಮಿಬ್ಬರನ್ನೂ ಅಡುಗೆಮನೆಯ ಟೇಬಲ್ಲಿಗೆ ಕೂರಿಸಿ ಕನ್ನಡ ಕಲಿಸಿದವರು ಅವರೇ. ಒತ್ತಕ್ಷರ ತಪ್ಪಿದರೆ, "ಏನಪಾ ಬೆಂಗಳೂರು ಸಾಹೇಬ್ರ, ಅಕ್ಷರಕ್ಕ ಕಾಲ ಇಲ್ಲೇನು? ಕುಂಟಸ್ತೀಯಲ್ಲೋ!" ಎಂದು ಪೆನ್ಸಿಲಿನಿಂದ ತಲೆಗೆ ಮೊಟಕುತ್ತಿದ್ದರು. ಅವರ ಎದುರಿಗೇ ಅವರ ಹಾಗೆ ಮಾತಾಡಿ ತೋರಿಸುತ್ತಿದ್ದೆ. ನಗುತ್ತಿದ್ದರು. ಆ ಮನೆಯೊಳಗಿನ ನಗುವನ್ನು ಎಲ್ಲ ಕಡೆಗೂ ಸಿಕ್ಕ ಪರವಾನಗಿ ಎಂದುಕೊಂಡೆ.

ಹನ್ನೆರಡನೇ ಗ್ರೇಡಿನಲ್ಲಿ ಅವರ ಮಗಳು ಒಂದು ಗುಂಪು ಕಟ್ಟಿದಳು. ನಮ್ಮ ಸ್ಕೂಲಿನಲ್ಲಿ ಎಥ್ನಿಕ್ ಸ್ಟಡೀಸ್ ಕಲಿಸಬೇಕು, ಈ ಊರುಗಳನ್ನು ಕಟ್ಟಿದವರ, ಇಲ್ಲಿ ಬಸ್ಸು ಓಡಿಸುವವರ, ನೆಲ ಗುಡಿಸುವವರ ಚರಿತ್ರೆಯೂ ಪಾಠವಾಗಬೇಕು ಎಂಬುದು ಬೇಡಿಕೆ. ಊಟದ ಬಿಡುವಿನಲ್ಲಿ ಕೆಫೆಟೇರಿಯಾದಲ್ಲಿ ಮಡಚುವ ಮೇಜು ಹಾಕಿ ಸಹಿ ಕೇಳಿದೆವು. ಅವಳು ವಾದ ಮಾಡುವಳು, ನಾನು ಪ್ರಿನ್ಸಿಪಾಲರ ನಕಲು ಮಾಡಿ ಜನ ಸೇರಿಸುವೆ. ಬೇಡಿಕೆಯಲ್ಲಿ ಒಂದು ಅಂಶ ಅವಳದೇ: ಪಾಠ ಪುಸ್ತಕದಿಂದಲೇ ಬರಬೇಕಿಲ್ಲ, ನಮ್ಮ ಮನೆಗಳವರೇ ಬಂದು ಒಂದು ಪೀರಿಯಡ್ಡು ತೆಗೆದುಕೊಳ್ಳಲಿ. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಳೆಂದು ನಮಗೆಲ್ಲ ಗೊತ್ತಿತ್ತು.

ಸ್ಕೂಲ್ ಬೋರ್ಡಿನ ಸಭೆಯಲ್ಲಿ ನಮಗೆ ಮಾತಾಡಲು ಅವಕಾಶ ಸಿಕ್ಕಿತು. ಆ ಸಂಜೆ ಆಂಟಿಗೆ ಶಿಫ್ಟು. ಅದಕ್ಕೇ ಪತ್ರ ಬರೆದುಕೊಟ್ಟರು, ಇಂಗ್ಲಿಷಿನಲ್ಲಿ, ದುಂಡು ಅಕ್ಷರದಲ್ಲಿ. ಅದರಲ್ಲಿದ್ದದ್ದು ಇಷ್ಟು: ನಾನು ಹದಿನಾಲ್ಕು ವರ್ಷ ವಿಜ್ಞಾನ ಕಲಿಸಿದವಳು. ಈಗ ಪೆಟ್ಟಿಗೆ ಮುಚ್ಚುತ್ತೇನೆ. ನನ್ನ ಎಡಗಡೆ ನಿಲ್ಲುವವಳು ಮನಿಲಾದಲ್ಲಿ ನರ್ಸು, ಬಲಗಡೆಯವಳು ಲುಧಿಯಾನದಲ್ಲಿ ಲೆಕ್ಕದ ಮೇಡಂ. ಬಿಡುವಿನಲ್ಲಿ ನಾವು ಒಬ್ಬರಿಗೊಬ್ಬರು ನಮ್ಮ ಭಾಷೆಯ ಎಣಿಕೆ ಕಲಿಸುತ್ತೇವೆ. ನಿಮ್ಮ ಮಕ್ಕಳ ಮನೆಗೆ ಬರುವ ಪೆಟ್ಟಿಗೆಗಳನ್ನು ಮುಚ್ಚಿದವರು ಯಾರೆಂದು ಮಕ್ಕಳಿಗೆ ಗೊತ್ತಿಲ್ಲ. ನಾನು ಹೇಳುತ್ತೇನೆ. ಕೊನೆಯ ಸಾಲು: ಮೇ ಐ ಕಮ್ ಇನ್‌ಸೈಡ್?

ಮಗಳಿಗೆ ಅದನ್ನು ಓದುವುದು ಆಗಲಿಲ್ಲ. ಮೂರನೇ ಸಾಲಿಗೇ ಅಳು ಬಂದು ಹಾಳೆಯನ್ನು ನನ್ನ ಕೈಗಿಟ್ಟಳು. "ನೀನೇ ಓದು. ಜಸ್ಟ್ ರೀಡ್ ಇಟ್, ಓಕೆ?" ಅಂದಳು.

ಬೋರ್ಡಿನ ಟ್ರಸ್ಟಿಗಳು ಸಾಲಾಗಿ ಕೂತಿದ್ದರು. ಒಬ್ಬರು ಫೋನು ನೋಡುತ್ತಿದ್ದರು, ಒಬ್ಬರು ಆಕಳಿಸಿದರು. ನಾನು ಆಕಳಿಕೆ ಸಹಿಸದವನು. ಪತ್ರದ ಎರಡನೇ ಸಾಲಿನಿಂದ ಆಂಟಿಯಾದೆ. ಅವರ ಒತ್ತಿ ಹೇಳುವ ರಕಾರ, ಮಾತು ಮುಗಿದಮೇಲೂ ಆಡುವ ತಲೆ, ಸೆರಗು ಎಳೆದುಕೊಳ್ಳುವ ಕೈ. ಫೋನು ಕೆಳಗಿಳಿಯಿತು. ಕೊನೆಯ ಸಾಲನ್ನು ಬಾಗಿಲಲ್ಲಿ ನಿಂತವರಂತೆ ಬಾಗಿ ಹೇಳಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಅದು ಉತ್ತರ ಬೇಡುವ ಪ್ರಶ್ನೆ ಎಂದು ಯಾರಿಗೂ ನೆನಪಾಗಲಿಲ್ಲ, ಕೇಳಿದವನಿಗೂ. ಮಗಳು ಮಾತ್ರ ನಗಲಿಲ್ಲ. ನಮ್ಮ ಸ್ಕೂಲಿನಲ್ಲಿ ಪ್ರಯೋಗಕ್ಕೆಂದು ಕೋರ್ಸು ಶುರುಮಾಡಲು ಒಪ್ಪಿಗೆ ಸಿಕ್ಕಿದ್ದರಿಂದ ಅವಳೂ ಸುಮ್ಮನಾದಳು. ನಾನಂತೂ ಗೆದ್ದೆನೆಂದುಕೊಂಡೆ. ಆ ತುಣುಕಿನ ವಿಡಿಯೊವನ್ನು ನಾನೇ ಸ್ಕೂಲಿನ ಗ್ರೂಪಿಗೆ ಹಾಕಿದೆ. ವಾರದೊಳಗೆ ಕಾರಿಡಾರಿನಲ್ಲಿ ಯಾರು ಯಾವ ಬಾಗಿಲು ತೆರೆದರೂ ತಲೆಯಾಡಿಸಿ, "ಮೇ ಐ ಕಮ್ ಇನ್‌ಸೈಡ್?" ಅನ್ನುತ್ತಿದ್ದರು. ನನ್ನ ಧಾಟಿಯಲ್ಲೇ.

ಆಂಟಿಗೆ ಇದೇನೂ ತಿಳಿಯದು. ಅದೇ ವರ್ಷ ಕೋರ್ಸು ಶುರುವಾಯಿತು, ತಮ್ಮ ಪೀರಿಯಡ್ಡಿಗೆ ನಿಗದಿಯಾದ ದಿನಕ್ಕೆ ಅವರು ರಜೆ ಹಾಕಿದರು. ಹಿಂದಿನ ವಾರವೆಲ್ಲ ಪಾಠ ಟಿಪ್ಪಣಿ ಬರೆದರು. ಹೇಗಿದೆ ನೋಡು ಎಂದು ನನಗೂ ತೋರಿಸಿದರು: ಉದ್ದೇಶ, ಸಲಕರಣೆ, ಮಕ್ಕಳಿಗೆ ಕೇಳುವ ಪ್ರಶ್ನೆ. "ಹನ್ನೊಂದ ವರ್ಷ ಆತು ನೋಡಪಾ, ಹುಡುಗ್ರ ಮುಂದ ನಿಂತು. ಕಾಲ ನಡಗತಾವೋ ಏನೋ," ಅಂದರು. ಆಗಲಾದರೂ ಹೇಳಬಹುದಿತ್ತು. "ನೀವು ಸೂಪರ್ ಆಂಟಿ, ಏನೂ ಆಗಲ್ಲ ಬಿಡಿ," ಅಂದೆ.

ಆ ದಿನ ತಿಳಿನೀಲಿ ಸೀರೆಯುಟ್ಟು, ಮೇಲೆ ಸ್ವೆಟರು ಹಾಕಿ, ಕೈಚೀಲದಲ್ಲಿ ಒಂದು ಡಬ್ಬಿ ಸೀಮೆಸುಣ್ಣ ಇಟ್ಟುಕೊಂಡು ಬಂದರು. ನಮ್ಮ ಕ್ಲಾಸುಗಳಲ್ಲಿ ಇರುವುದು ಬಿಳಿ ಬೋರ್ಡು, ಸೀಮೆಸುಣ್ಣ ಬರೆಯದು. ಬಾಗಿಲಲ್ಲಿ ನಿಂತರು. ಹುಟ್ಟಿದಾಗಿನಿಂದ ಕಲಿತ ಮರ್ಯಾದೆಯಲ್ಲಿ, ನಮ್ಮ ಟೀಚರಿಗೆ ತಲೆಬಾಗಿ ಕೇಳಿದರು:

"ಮೇ ಐ ಕಮ್ ಇನ್‌ಸೈಡ್?"

ಇಡೀ ಕ್ಲಾಸು ಸಿಡಿಯಿತು.

ಆಂಟಿ ಮೊದಲು ಸೆರಗು ನೋಡಿಕೊಂಡರು, ಆಮೇಲೆ ಚಪ್ಪಲಿ. ಹಿಂದಿನ ಸಾಲಿನ ಹುಡುಗನೊಬ್ಬ ಅದೇ ಮಾತನ್ನು ನನ್ನ ಧಾಟಿಯಲ್ಲಿ ಹೇಳಿದ. ಆ ದನಿ ತಮ್ಮದೇ ಎಂದು ಅವರಿಗೆ ಗುರುತು ಸಿಕ್ಕಿದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಅದನ್ನು ಮಾಡಿದವನು ಯಾರೆಂಬ ಗುರುತೂ ಸಿಕ್ಕಿತು. ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ. ತಪ್ಪಾಗಿರುವ ಲೆಕ್ಕವನ್ನು ಟೀಚರು ನೋಡುವಂತೆ ನೋಡಿದರು.

ಆದರೂ ಒಳಗೆ ಬಂದರು. ನಮ್ಮ ಟೀಚರು ಗದರಿಸಿದ ಮೇಲೆ ಕ್ಲಾಸು ಸುಮ್ಮನಾಯಿತು, ಆದರೆ ಪ್ರತಿ ರಕಾರಕ್ಕೂ ಎಲ್ಲೋ ಒಂದು ಮೂಗು ಬುಸುಗುಟ್ಟುತ್ತಿತ್ತು. ಆಂಟಿ ರಕಾರ ಬರುವ ಮಾತುಗಳನ್ನು ತಪ್ಪಿಸಿ ಮಾತಾಡಲು ನೋಡಿದರು. ಪತ್ರದಲ್ಲಿದ್ದ ನರ್ಸು, ಲೆಕ್ಕದ ಮೇಡಂ, ಎಣಿಕೆ, ಯಾವುದೂ ಮಾತಿಗೆ ಬರಲಿಲ್ಲ. ಹತ್ತು ನಿಮಿಷಕ್ಕೆ ಟಿಪ್ಪಣಿ ಮಡಚಿ, "ಥ್ಯಾಂಕ್ಯೂ, ಚಿಲ್ಡ್ರನ್," ಎಂದು ಹೊರಟರು. ಮಗಳು ಹಿಂದೆಯೇ ಓಡಿದಳು. ಬಾಗಿಲ ಬಳಿ ನಿಂತು ನನಗೆ ಒಂದೇ ಮಾತು ಹೇಳಿದಳು: "ಶಿ ಪ್ರ್ಯಾಕ್ಟಿಸ್ಡ್ ಇನ್ ದ ಗರಾಜ್."

ಕೋರ್ಸು ಉಳಿದುಕೊಂಡಿದೆ, ಈಗಲೂ ನಡೆಯುತ್ತದೆ. ಅದರ ಬಗ್ಗೆ ಯಾರಾದರೂ ಹೊಗಳಿದರೆ ನಾನು ಮಾತು ಬದಲಿಸುತ್ತೇನೆ. ಆಂಟಿಗಿದ್ದ ಆಸೆ ಒಂದೇ, ಈ ದೇಶದಲ್ಲಿ ಒಂದು ಸಲ, ಒಂದು ಪೀರಿಯಡ್ಡು, ಟೀಚರಾಗಿ ನಿಲ್ಲುವುದು. ಅದು ಇನ್ನೂ ಆಗಬಹುದು ಎಂದು ನಾನು ಎರಡು ವಾರ ನಂಬಿದ್ದೆ. ವಿಡಿಯೊ ಅಳಿಸಿದೆ. ಕ್ಲಾಸಿನ ಮುಂದೆ ತಪ್ಪೊಪ್ಪಿಕೊಂಡೆ, ಯಾರ ದನಿಯನ್ನೂ ಎರವಲು ತರದೆ. ಟೀಚರು ಮತ್ತೊಂದು ದಿನ ಗೊತ್ತುಮಾಡಿಕೊಟ್ಟರು. ಒಂದು ಭಾನುವಾರ ಮಧ್ಯಾಹ್ನ ಅಮ್ಮನನ್ನು ಕರೆದುಕೊಂಡು ಆಂಟಿಯ ಮನೆಗೆ ಹೋದೆ. ಅವರು ಬಟ್ಟೆ ಮಡಚುತ್ತಿದ್ದರು.

"ಇವನು ಮಾಡಿದ್ದಕ್ಕೆ ನನಗೇ ತಲೆ ಎತ್ತಕ್ಕಾಗ್ತಿಲ್ಲ ಕಣ್ರೀ," ಅಂದಳು ಅಮ್ಮ.

"ಕೂಡ್ರಿ, ಚಾ ಮಾಡ್ತೀನಿ," ಅಂದರು ಆಂಟಿ.

"ಆಂಟಿ, ಸಾರಿ. ನಿಜವಾಗ್ಲೂ," ಅಂದೆ. "ಎಲ್ಲರಿಗೂ ಹೇಳಿದೀನಿ. ಈ ಸಲ ಯಾರೂ ನಗಲ್ಲ. ಒಂದೇ ಒಂದು ಸಲ ಬನ್ನಿ. ಅವರಿಗೆ ನಿಮ್ಮನ್ನು ನೋಡಬೇಕು."

ಆಂಟಿ ಮಡಚುತ್ತಿದ್ದ ಟವೆಲನ್ನು ತೊಡೆಯ ಮೇಲಿಟ್ಟುಕೊಂಡು, ಮೆತ್ತಗೆ, ನನಗೆ ಎಂದೂ ನಕಲು ಮಾಡಲಾಗದ ಒಂದು ದನಿಯಲ್ಲಿ ಹೇಳಿದರು:

"ತಮ್ಮಾ, ಆ ಹುಡುಗ್ರು ನಿನ್ನ ಮೊದಲ ನೋಡ್ಯಾರ, ನನ್ನ ಆಮ್ಯಾಲೆ. ಅವರ ಪಾಲಿಗೆ ಅಸಲಿ ನೀನ, ನಾ ನಕಲಿ. ನೀನ ಹೋಗು."