ಸ್ತುತಿಯಲ್ಲಿ ಬಿಟ್ಟುಹೋದ ಭಾಗ

ವಿಡಿಯೊ ಕರೆಯಲ್ಲಿ ನನಗೆ ಕಾಣುತ್ತಿದ್ದುದು ಅಜ್ಜಿಯ ಗದ್ದ ಮತ್ತು ಎಡಗೈಯ ತೋರುಬೆರಳು ಮಾತ್ರ. ಹಾಡಿನ ಲಯಕ್ಕೆ ಆ ಬೆರಳು ಮೇಜಿನ ಅಂಚು ತಟ್ಟುತ್ತಿತ್ತು. ಒಂದು ಕಡೆ ನಿಂತಿತು. ಮತ್ತೆ ತಟ್ಟತೊಡಗಿದಾಗ ಹಾಡು ಮುಂದಕ್ಕೆ ಹಾರಿತ್ತು.

ಅಮ್ಮ ಇಸ್ರೇಲಿನಲ್ಲಿ ಈ ಯಹೂದಿ ಅಜ್ಜಿಯನ್ನು ನೋಡಿಕೊಳ್ಳುತ್ತಾಳೆ. ಇನ್ನೊಂದು ಮನೆಗೆ ಬದಲಾಗಲು ಅವಳ ವೀಸಾದಲ್ಲಿ ಅವಕಾಶ ಉಳಿದಿಲ್ಲ. ಮರೆವು ಶುರುವಾದರೆ ಅಜ್ಜಿಯನ್ನು ವೃದ್ಧಾಶ್ರಮಕ್ಕೆ ಸೇರಿಸುವುದಾಗಿ ಅವರ ಮಗ ಮೊದಲೇ ಹೇಳಿದ್ದರು. ಹಾಗಾದರೆ ಅಮ್ಮ ನಮ್ಮೂರು ಕಡಬಕ್ಕೆ ಮರಳಬೇಕು. ಅಪ್ಪನ ಡಯಾಲಿಸಿಸ್ ನಡೆಯುತ್ತಿರುವುದು ಅವಳ ಸಂಬಳದಿಂದ.

ಹಬ್ಬಗಳಲ್ಲಿ ಅಜ್ಜಿ ಸ್ತುತಿಯ ಕೀರ್ತನೆಗಳನ್ನು ಹೀಬ್ರೂವಿನಲ್ಲಿ ಬಾಯಿಪಾಠ ಹಾಡುತ್ತಾರೆ. ನಮ್ಮ ಇಗರ್ಜಿಯಲ್ಲೂ ಓದುವ ಕೀರ್ತನೆಗಳೇ ಅವು. ಆ ಕರೆಯ ಹೊತ್ತಿಗೆ, ಈಜಿಪ್ಟಿನ ದಾಸತ್ವದಿಂದ ಯಹೂದಿಗಳು ಬಿಡುಗಡೆಯಾದ ನೆನಪಿನ ಪಸ್ಕ ಹಬ್ಬ ಶುರುವಾಗಿ ಎರಡು ದಿನವಾಗಿತ್ತು; ಆ ಮನೆಯಲ್ಲಿ ಅಮ್ಮನಿಗೆ ಅದು ಮೊದಲ ಪಸ್ಕ. ಹಿಂದಿನ ಬೇರೆ ಹಬ್ಬಗಳಲ್ಲಿ ಪೂರ್ತಿ ಕೇಳಿ ಕೇಳಿ ವರಸೆ ಕಿವಿಗೆ ಕೂತಿತ್ತು.

"ಎರಡು ಕಡೆ ಬಿಟ್ರು ಮಾರಾಯ್ತಿ," ಎಂದಳು ಅಮ್ಮ, ದನಿ ತಗ್ಗಿಸಿ.

ನಾನು ಹುಡುಕಿ ಓದಿ ಹೇಳಿದೆ. ಪಸ್ಕದ ಮೊದಲ ದಿನ ಕಳೆದ ಮೇಲೆ ಪೂರ್ತಿ ಹಾಡುವ ಕ್ರಮವಿಲ್ಲ. ಯಹೂದಿಗಳು ಸಮುದ್ರ ದಾಟಿ ಉಳಿದಾಗ ಬೆನ್ನಟ್ಟಿದ ಈಜಿಪ್ಟಿನವರು ಮುಳುಗಿದರು. ಆ ಸಾವಿಗಾಗಿ ಎರಡು ಭಾಗ ಬಿಟ್ಟು ಸ್ತುತಿಯನ್ನು ಮೊಟಕುಗೊಳಿಸುತ್ತಾರೆ.

"ಅಬ್ಬ! ನೀನು ಅಷ್ಟು ಓದಿದ್ದು ಇವತ್ತೊಂದು ಉಪಯೋಗಕ್ಕೆ ಬಂತು," ಎಂದು ಅಮ್ಮ ನಕ್ಕಳು.

ಇಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅಲ್ಲಿ ಇನ್ನೊಂದು ಹಬ್ಬ ಬಂತು. ಅಂದು ಸ್ತುತಿ ಪೂರ್ತಿ ಹಾಡಬೇಕು. ಪುತ್ತೂರಿನ ಆಸ್ಪತ್ರೆಯಲ್ಲಿ ಅಪ್ಪ ಒಳಗಿದ್ದರು, ನಾನು ಹೊರಗಿನ ಬೆಂಚಿನಲ್ಲಿ ಕೂತು ಫೋನನ್ನು ಕಿವಿಗೆ ಒತ್ತಿ ಕೇಳುತ್ತಿದ್ದೆ. ಅಜ್ಜಿ ಮತ್ತೆ ಅದೇ ಎರಡು ಭಾಗ ಬಿಟ್ಟರು.

"ಇವತ್ತೂ ಬಿಡುದುಂಟಾ?" ಅಮ್ಮ ಕೇಳಿದಳು.

"ಇಲ್ಲ ಅಮ್ಮ."

"ನಿನ್ನೆ ಗ್ಯಾಸ್ ತಿರುಗಿಸಿ ಹಚ್ಚದೆ ಬಂದಿದ್ರು. ಪ್ರಾಯ ಆಯ್ತಲ್ಲ ಅಂದ್ಕೊಂಡೆ."

"ಅವರ ಮಗನಿಗೆ ಹೇಳ್ಬೇಕಲ್ಲ?"

"ಹೇಳಿದ್ರೆ ನಿನ್ನಪ್ಪನ ಕತೆ ಎಂತ?" ಎಂದಳು ಅಮ್ಮ. "ಮುಂದಿನ ಹಬ್ಬಕ್ಕೆ ಅವ ಬರ್ತಾನೆ. ಆ ಎರಡು ಕಡೆ ನಾನೂ ಒಟ್ಟಿಗೆ ಹಾಡಿದ್ರೆ ಅಜ್ಜಿಗೆ ದಾರಿ ಸಿಗ್ತದೆ. ನಂಗೆ ಕನ್ನಡದಲ್ಲಿ ಬರ್ದು ಕಳ್ಸು."

ಅವಳ ಹಿಂದೆ ಅಜ್ಜಿ, ಆಗಷ್ಟೇ ಮುಗಿಸಿದ್ದನ್ನು ಮತ್ತೆ ಮೊದಲಿನಿಂದ ಹಾಡತೊಡಗಿದ್ದರು.

ಮರುದಿನ ಬೆಳಿಗ್ಗೆ ನಾನು ಇಂಟರ್ನೆಟ್ಟಿನಲ್ಲಿ ಆ ಹಾಡಿಕೆಯನ್ನು ಹುಡುಕಿ, ನಿಲ್ಲಿಸಿ ನಿಲ್ಲಿಸಿ ಕೇಳಿ, ಎರಡೂ ಭಾಗಗಳ ಹೀಬ್ರೂವನ್ನು ಕನ್ನಡ ಅಕ್ಷರಗಳಲ್ಲಿ ದೊಡ್ಡದಾಗಿ ಬರೆದೆ. ಉಸಿರು ತೆಗೆದುಕೊಳ್ಳಬೇಕಾದಲ್ಲಿ ಗೆರೆ ಎಳೆದೆ. ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ.