ಮಸ್ಕಿಯಾಕೆಯ ಬಣ್ಣ, ದೊಡ್ಡವ್ವನ ಹೊಲಿಗೆ

ದೊಡ್ಡವ್ವನ ಎಡಗೈಯ ತೋರುಬೆರಳು ಸೂಜಿ ಒತ್ತಿ ಒತ್ತಿ ಜಾಲಿಯ ತೊಗಟೆಯಂತೆ ಒರಟಾಗಿತ್ತು. ಸಣ್ಣವರಿದ್ದಾಗ ನಾವು ಆ ಬೆರಳಿನಿಂದ ಬೆನ್ನು ತುರಿಸಿಕೊಳ್ಳಲು ಸರದಿ ಹಚ್ಚುತ್ತಿದ್ದೆವು. ಆಕೆ ಎಡಚಿ. ಉಣ್ಣುವುದೊಂದು ಬಿಟ್ಟರೆ ಉಳಿದೆಲ್ಲ ಕೆಲಸವೂ ಎಡಗೈಯಲ್ಲೇ. ಲಗ್ನವಾಗಿ ಗೊರೇಬಾಳಕ್ಕೆ ಬಂದ ಹೊಸತರಲ್ಲಿ ಆಕೆಯ ಅತ್ತೆ ಆ ಕೈಗೆ ಅರಿವೆ ಸುತ್ತಿ ಕಟ್ಟಿದ್ದಳಂತೆ. "ಆಕಿ ಕಟ್ಟಿದ್ಳು, ನಾ ಬಿಚ್ಚಿದೆ" ಎಂದು ಹೇಳಿ ನಗುತ್ತಿದ್ದಳು.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಇಬ್ಬರನ್ನೂ ಒಂದೇ ಮನೆಗೆ ಕೊಟ್ಟಿದ್ದರಿಂದ ನಾನು ಬೆಳೆದದ್ದು ಆಕೆಯ ಸೆರಗಿನಲ್ಲೇ. ನಾಟಿಯ ದಿನಗಳಲ್ಲಿ ಊರಿನ ಹೆಂಗಸರೆಲ್ಲ ಗದ್ದೆಯಲ್ಲಿರುತ್ತಿದ್ದರು. ಕೊಯ್ಲು ಮುಗಿದು ಕಾಲುವೆಗೆ ನೀರು ಬಿಡುವುದು ನಿಂತ ಮೇಲೆ ನಮ್ಮ ಪಡಸಾಲೆಯಲ್ಲಿ ಹೊದೆಯುವ ಕೌದಿ ಹಾಸಿ ಹೊಲಿಯುತ್ತಿದ್ದರು. ಒಂದು ತುದಿಗೆ ದೊಡ್ಡವ್ವ, ಎದುರಿನ ತುದಿಗೆ ಮಸ್ಕಿಯಾಕೆ.

ಮಸ್ಕಿಯಿಂದ ಸೊಸೆಯಾಗಿ ಬಂದವಳೆಂದು ಊರೆಲ್ಲ ಆಕೆಯನ್ನು ಹಾಗೇ ಕರೆಯುತ್ತಿತ್ತು. ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಆಕೆಯ ಮನೆ. ದೊಡ್ಡವ್ವನದು ಅಕ್ಕಿಕಾಳಿನಂಥ ಸಣ್ಣ ಹೊಲಿಗೆ, ಎಳೆದು ಕಟ್ಟಿದ ದಾರದ ಹಾಗೆ ನೇರ. ಮಸ್ಕಿಯಾಕೆಯ ಹೊಲಿಗೆ ಉದ್ದುದ್ದ, ಸಡಿಲ. "ಇದೇನ ಬೇ, ಕಾಗಿ ನಡದಂಗ ಹೊಲದೀ" ಎಂದು ದೊಡ್ಡವ್ವ ಬೈಯುತ್ತಿದ್ದಳು. ಆದರೆ ಬಣ್ಣ ಜೋಡಿಸುವುದರಲ್ಲಿ ಮಸ್ಕಿಯಾಕೆಯ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಹಳೇ ಸೀರೆ, ಧೋತರ, ಹರಿದ ಅಂಗಿಗಳ ಗಂಟನ್ನು ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರವಿ, ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನೋಡುತ್ತ ನಿಲ್ಲುವಳು. ಒಮ್ಮೊಮ್ಮೆ ಅವತ್ತು ಅಷ್ಟೇ ಕೆಲಸ. ಮರುದಿನ ಬಂದು ಒಂದು ಕೆಂಪು ತುಂಡನ್ನು ಅತ್ತಿಂದ ಇತ್ತ ಇಟ್ಟರೆ ಇಡೀ ಕೌದಿಗೆ ಜೀವ ಬರುತ್ತಿತ್ತು. "ಬಣ್ಣ ಆಕೀದು, ಹೊಲಿಗಿ ನಂದು" ಎಂದು ಕೇಳಿದವರಿಗೆಲ್ಲ ದೊಡ್ಡವ್ವ ಹೇಳುತ್ತಿದ್ದಳು. ಅದರಲ್ಲಿ ಆಕೆಗೆ ಬಹಳ ಹೆಮ್ಮೆ.

ಅವರು ಹೊಲಿದ ಒಂದು ಕೌದಿ ನನ್ನ ಕಣ್ಣಲ್ಲಿ ಇನ್ನೂ ಹಾಗೇ ಇದೆ. ನಮ್ಮ ಓಣಿಯ ಒಬ್ಬ ಹುಡುಗಿ ತಾಯಿಯನ್ನು ಕಳೆದುಕೊಂಡೇ ಬೆಳೆದವಳು. ಆಕೆಯ ಮದುವೆ ಲಿಂಗಸುಗೂರಿಗೆ ಗೊತ್ತಾದಾಗ ಇಬ್ಬರೂ ಹೋಗಿ ಆಕೆಯ ತಾಯಿಯ ಸೀರೆಗಳನ್ನು ಪೆಟ್ಟಿಗೆಯಿಂದ ತೆಗೆಸಿಕೊಂಡು ಬಂದರು. ಆ ಸೀರೆಗಳ ಹಸಿರನ್ನೆಲ್ಲ ಗದ್ದೆಯ ಮಡಿಗಳಂತೆ ಜೋಡಿಸಿ, ನಡುವೆ ನೀಲಿ ಸೀರೆಯೊಂದನ್ನು ಕಾಲುವೆಯಂತೆ ಹರಿಸಿದ್ದಳು ಮಸ್ಕಿಯಾಕೆ. ಕಡೆಯ ತುಂಡು ಮುಚ್ಚುವ ಮೊದಲು ಕೌದಿ ಹಸಿದಿರಬಾರದೆಂದು ಒಂದು ಚೂರು ಹೋಳಿಗೆಯನ್ನು ಅದರೊಳಗಿಟ್ಟು ಹೊಲಿದರು. ಹುಡುಗಿ ಅದನ್ನು ಮಡಿಲಲ್ಲಿಟ್ಟುಕೊಂಡು, "ಇದು ಅವ್ವ ದವಾಖಾನಿಗೆ ಹೋಗುವಾಗ ಉಟ್ಟಿದ್ದು, ಇದು ನನ್ನ ಜಾವಳದಾಗ ಉಟ್ಟಿದ್ದು" ಎಂದು ತುಂಡು ತುಂಡನ್ನೂ ಮುಟ್ಟಿ ಹೇಳಿದಳು. ದೊಡ್ಡವ್ವ ಅಳು ಬಾರದಿರಲೆಂದು ಸುಮ್ಮಸುಮ್ಮನೆ ಮಸ್ಕಿಯಾಕೆಯನ್ನು ಬೈದಳು.

ಸಿಂಧನೂರಿನ ಹೈಸ್ಕೂಲಿನಲ್ಲಿ ನನಗೆ ನೌಕರಿ ಸಿಕ್ಕ ಮೇಲೆ ದೊಡ್ಡವ್ವನ ಕಣ್ಣು ಮಂಜಾಗತೊಡಗಿತು. ಡಾಕ್ಟರರಿಗೆ ತೋರಿಸಿದೆ. ಪೊರೆಯಲ್ಲ, ಕಣ್ಣಿನ ನರವೇ ಒಣಗಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಆಕೆ ನನ್ನ ಮುಂಗೈ ಹಿಡಿದು, "ಆಕಿಗಿ ಹೇಳಬ್ಯಾಡ. ಫಿಕರ್ ಮಾಡ್ತಾಳ" ಎಂದಳು. ಸೂಜಿಗೆ ದಾರ ಪೋಣಿಸಲು ಮನೆಯ ಮಕ್ಕಳನ್ನು ಕರೆಯುತ್ತ, ಬೆರಳಿನ ಅಂದಾಜಿನ ಮೇಲೆ ಹೊಲಿಯುತ್ತ ಕುಳಿತಳು.

ಆದರೆ ಎದುರು ಕೂತು ಹೊಲಿಯುವವಳಿಗೆ ಇದು ಎಷ್ಟು ದಿನ ಮುಚ್ಚಿದ್ದೀತು? ಸಾಲುಗಳು ಸೊಟ್ಟಗಾಗುವುದನ್ನು ಮಸ್ಕಿಯಾಕೆ ನೋಡಿದಳು. ಬಣ್ಣ ಸರಿಪಡಿಸುತ್ತೇನೆಂದು ನೆಪ ಹೇಳಿ ಕೌದಿಯನ್ನು ಮನೆಗೆ ಒಯ್ಯುವಳು. ದೊಡ್ಡವ್ವನ ಸಾಲುಗಳನ್ನು ಬಿಚ್ಚಿ, ಅಲ್ಲಿ ಅಕ್ಕಿಕಾಳಿನಂಥ ಹೊಲಿಗೆ ಹಾಕಿ ತರುವಳು. ಜೀವಮಾನವೆಲ್ಲ ಕಾಗೆ ನಡೆದಂತೆ ಹೊಲಿದವಳು ಆ ವಯಸ್ಸಿನಲ್ಲಿ ಗೆಳತಿಗಾಗಿ ಸಣ್ಣ ಹೊಲಿಗೆ ಕಲಿತಿದ್ದಳು. ಆಗ ನಮಗ್ಯಾರಿಗೂ ಇದು ಗೊತ್ತಾಗಲಿಲ್ಲ.

ಸಿಂಧನೂರಿನಲ್ಲಿ ಹೆಣ್ಣುಮಕ್ಕಳ ಕೈಕೆಲಸ ತೋರಿಸುವ ಒಂದು ಕಾರ್ಯಕ್ರಮವಾಯಿತು. ಇವರ ಹೊಸ ಕೌದಿಯನ್ನು ಗೋಡೆಯ ಮೇಲೆ ತೂಗುಹಾಕಿದ್ದರು. ಸುತ್ತಲೂ ಜನ, ಮೊಬೈಲು. "ಈ ವಯಸ್ಸಿನ್ಯಾಗ ಎಂಥಾ ಸಣ್ಣ ಹೊಲಿಗಿ ನೋಡ್ರಿ!" ಎಂದು ಯಾರೋ ಹೊಗಳಿದರು. ದೊಡ್ಡವ್ವ ಮುಖವರಳಿಸಿ ಕೌದಿಯ ಹತ್ತಿರ ಹೋಗಿ, ತಾನು ಹೊಲಿದ ಅಂಚಿನ ಮೇಲೆ ಬೆರಳಾಡಿಸಿದಳು. ಬೆರಳು ನಿಂತಿತು. ಮತ್ತೆ ಆಡಿಸಿದಳು. ಎಡಗೈಯ ಹೊಲಿಗೆ ಒಂದು ಕಡೆ ವಾಲಿರುತ್ತದೆ. ಇದು ಇನ್ನೊಂದು ಕಡೆ ವಾಲಿತ್ತು, ಬಲಗೈಯವರದು.

"ಇದು ನಂದಲ್ಲ" ಎಂದಳು. ಎಲ್ಲರಿಗೂ ಕೇಳುವಂತೆ.

ಮಸ್ಕಿಯಾಕೆ ಆಕೆಯ ತೋಳು ಹಿಡಿದಳು. ದೊಡ್ಡವ್ವ ಕೊಸರಿಕೊಂಡಳು. ಆಟೋದಲ್ಲಿ ಊರಿಗೆ ಬಂದೆವು. ಮನೆಯ ಕಟ್ಟೆ ಹತ್ತಿದ ಮೇಲೆ ದೊಡ್ಡವ್ವ ತಿರುಗಿದಳು.

"ನನ್ನ ಹೊಲಿಗಿ ಬಿಚ್ಚಾಕ ನೀ ಯಾರ?"

"ಮಂದಿ ಆಡಿಕೊಂತಾರಂತ ಬಿಚ್ಚಿದೆ. ನಿನ್ನ ಹೆಸರು ಕೆಡಬಾರದಂತ."

"ಆಡಿಕೊಳ್ಳಲಿ! ಸೊಟ್ಟಿದ್ರೂ ಅದು ನಂದು. ಈಗ ನನ್ನದಂತ ಏನ್ ಉಳಿಸಿದಿ ನೀ?"

ಮಸ್ಕಿಯಾಕೆ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟಳು.

ಅವರಿಬ್ಬರ ಮಾತು ಅಲ್ಲಿಗೆ ನಿಂತಿತು. ಪಡಸಾಲೆಯಲ್ಲಿ ಕೌದಿ ಹಾಸಲಿಲ್ಲ. ಅವ್ವ ಹೇಳಿ ನೋಡಿದಳು, ಓಣಿಯ ಹೆಂಗಸರು ಹೇಳಿ ನೋಡಿದರು. "ಆಕಿನೇ ಬರಲಿ" ಎನ್ನುವಳು ದೊಡ್ಡವ್ವ. ಆಚೆ ಮನೆಯಲ್ಲಿ ಕೇಳಿದರೆ ಮಸ್ಕಿಯಾಕೆ, "ಆಕಿ ಕರೀಲಿ" ಎನ್ನುವಳು. ಸಂಜೆ ಹೊರಗೆ ಕೂತಾಗ ಆ ಬಾಗಿಲಿನಿಂದ ಕೆಮ್ಮು ಕೇಳಿದರೆ ದೊಡ್ಡವ್ವ ಅತ್ತ ಕಿವಿಗೊಡುತ್ತಿದ್ದಳು, ಅಷ್ಟೇ.

ಮುಂದೆ ಮಸ್ಕಿಯಲ್ಲಿದ್ದ ತಂಗಿ ಕಾಲು ಮುರಿದುಕೊಂಡಳೆಂದು ಮಸ್ಕಿಯಾಕೆ ಆರೈಕೆಗೆ ಹೋದಳು. ಆಕೆ ಹೋದ ಮೇಲೆ ದೊಡ್ಡವ್ವ ಮೆತ್ತಗಾದಳು. "ಪಂಚಮಿಗಿ ಬರ್ತಾಳಲ್ಲ, ಆವಾಗ ನಾನೇ ಮಾತಾಡಸ್ತೀನಿ. ಎಷ್ಟಂತ ಸೆಟಗೊಂಡು ಕುಂದರೂದು?" ಎಂದು ನನ್ನೆದುರು ಅಂದಳು. ಫೋನು ಹಚ್ಚಿಕೊಡಲೇ ಎಂದೆ. "ಫೋನಿನ್ಯಾಗ ಬ್ಯಾಡ. ಮುಖಾಮುಖಿ ಆಗಲಿ" ಎಂದಳು.

ಪಂಚಮಿಗೆ ಮೊದಲೇ ಸುದ್ದಿ ಬಂತು. ಬೆಳಿಗ್ಗೆ ನೀರು ಕಾಯಿಸಲು ಎದ್ದ ಮಸ್ಕಿಯಾಕೆ ಒಲೆಯ ಮುಂದೆಯೇ ಕುಸಿದಿದ್ದಳು.

ನಾನೇ ದೊಡ್ಡವ್ವನನ್ನು ಮಸ್ಕಿಗೆ ಕರೆದುಕೊಂಡು ಹೋದೆ. ಆಕೆ ಹೆಣದ ಹತ್ತಿರ ಕುಳಿತು ಗೆಳತಿಯ ಮುಖವನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದಳು. ಹಾಡಿ ಅಳಲಿಲ್ಲ. ಏಳುವಾಗ ತಂಗಿಗೆ, "ಆಕಿದೊಂದು ಸೀರಿ ಕೊಡವ್ವ" ಎಂದಷ್ಟೇ ಕೇಳಿದಳು.

ಆ ಸೀರೆಯನ್ನು ಮೇಲಿಟ್ಟು ದೊಡ್ಡವ್ವ ಮತ್ತೆ ಕೌದಿಗೆ ಕೂತಳು. ಆ ವೇಳೆಗೆ ಕಣ್ಣು ಪೂರ್ತಿ ಹೋಗಿತ್ತು. ತುಂಡಿನ ಬಣ್ಣ ನನ್ನನ್ನು ಕೇಳುವಳು, ನಾನು ಹೇಳಿದಲ್ಲಿ ಹಚ್ಚುವಳು. ಸಾಲುಗಳು ಎಲ್ಲೆಲ್ಲಿಗೋ ಹೋದವು, ಒಂದರ ಮೇಲೊಂದು ಹತ್ತಿದವು. ಯಾರಿಗೂ ತಿದ್ದಲು ಬಿಡಲಿಲ್ಲ. ಮುಗಿದ ದಿನ ಕೇಳಿದಳು:

"ಬಣ್ಣ ಹ್ಯಾಂಗ ಬಂದಾವು?"

"ಛಲೋ ಬಂದಾವ, ದೊಡ್ಡವ್ವ."

"ನಿನಗೇನು ತಿಳೀತೈತಿ ಬಿಡು" ಎಂದಳು. "ಆಕಿ ಇದ್ದಿದ್ರ ಎಲ್ಲಾ ಕಿತ್ತಿ ಒಗೀತಿದ್ಳು."

ಹೋದ ಚಳಿಗಾಲದಲ್ಲಿ ದೊಡ್ಡವ್ವ ತೀರಿಕೊಂಡಳು. ಕೌದಿಯನ್ನು ಮಸ್ಕಿಗೆ ಮುಟ್ಟಿಸಬೇಕೆಂದು ಹೇಳಿದ್ದಳು. ಒಂದು ರವಿವಾರ ಒಯ್ದು ಕೊಟ್ಟೆ. ಆ ತಂಗಿ ಅದನ್ನು ಮಂಚದ ಮೇಲೆ ಹರವಿ, ಅಕ್ಕನ ಸೀರೆಯ ಮೇಲೆ ಅಡ್ಡಾದಿಡ್ಡಿ ಓಡಿದ ಹೊಲಿಗೆಯನ್ನು ಬಹಳ ಹೊತ್ತು ನೋಡಿದಳು. ಚಹಾ ತಂದುಕೊಟ್ಟು ನನ್ನ ಮಗ್ಗುಲಲ್ಲಿ ಕುಳಿತಳು.

"ಆವತ್ತು ಅಕ್ಕನ ಮಣ್ಣಿಗಿ ಬಂದಾಗ ನಿಮ್ಮ ದೊಡ್ಡವ್ವನ ಮುಂದ ಹೇಳಾಕ ನನಗ ಮನಸಾಗಲಿಲ್ರಿ" ಎಂದಳು. "ಅಕ್ಕ ದಿನಾ ಮಧ್ಯಾಹ್ನ ನಿಮ್ಮ ಊರ ಕಡಿಂದ ಸಿಂಧನೂರು ಬಸ್ ಬರೂ ಹೊತ್ತಿಗಿ ಬಾಗಲಾಗ ಬಂದು ನಿಂದ್ರತಿದ್ಳು. ಯಾರು ಬರೋರದಾರಂದ್ರ, ಯಾರೂ ಇಲ್ಲ, ಸುಮ್ನ ನಿಂತೀನಿ ಅಂತಿದ್ಳು."